ಟೇಪಿನ ಹಿಂದೆ ಆರು ಗೆರೆ

ಹೋದ ವಾರದ ಸಂದರ್ಶನದಲ್ಲಿ ಕಾಜಣ್ಣ ಅನುಭವಪತ್ರ ಕೊಡುವ ಬದಲು ಇನ್ನೊಂದು ಚೀಟಿ ಕೊಟ್ಟುಬಿಟ್ಟಿದ್ದ. ಇವತ್ತಿನ ಅನಾಹುತಕ್ಕೆಲ್ಲ ಮೂಲ ಅದೇ.

ಆ ಚೀಟಿಯಲ್ಲಿ ಇದ್ದದ್ದು ಕೆಟ್ಟ ಧಣಿಯನ್ನು ಗುರುತಿಸುವುದು ಹೇಗೆ ಅನ್ನುವ ಪಟ್ಟಿ. ಆ ಅಂಗಡಿಯವನು ಕನ್ನಡಕ ಏರಿಸಿಕೊಂಡು, "ಕಾಯಿಸುವವನನ್ನು ನಂಬಬೇಡ" ಎಂಬ ಮೊದಲ ಸಾಲನ್ನು ಗಟ್ಟಿಯಾಗಿ ಓದಿದ. ಅವನು ಕಾಜಣ್ಣನನ್ನು ಒಂದೂವರೆ ಗಂಟೆ ಕಾಯಿಸಿದ್ದ. ಎರಡನೆಯ ಸಾಲು ಓದಿ ತಲೆ ಎತ್ತುವಷ್ಟರಲ್ಲಿ ಕಾಜಣ್ಣ ಬೀದಿ ಸೇರಿದ್ದ.

ಕಾಜಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕೋಟಿನಲ್ಲಿ ಗುಂಡಿ ತೂರಿಸಲು ಸಣ್ಣ ಸೀಳು ಮಾಡಿ, ಅದರ ಅಂಚಿಗೆ ಒತ್ತೊತ್ತಾಗಿ ದಾರ ಸುತ್ತಿ ಹೊಲಿಯುತ್ತಾರಲ್ಲ, ಅದಕ್ಕೆ ದರ್ಜಿಗಳು ಕಾಜಾ ಅನ್ನುತ್ತಾರೆ. ಎಂಟು ವರ್ಷ ಒಂದೇ ಅಂಗಡಿಯಲ್ಲಿ ಕೂತು ಇವನು ಅದೊಂದನ್ನೇ ಹೊಲಿದಿದ್ದ. ಅವನ ಟೇಪಿನ ಅಂಕಿಗಳೆಲ್ಲ ಉಜ್ಜಿ ಅಳಿಸಿಹೋಗಿದ್ದವು, ಅವನಿಗೆ ಅಂಕಿ ಬೇಕಾಗಿಯೂ ಇರಲಿಲ್ಲ. ಟೇಪಿನ ಮುಂಬದಿಗೆ ಸಮ ಅಂತರದಲ್ಲಿ ಆರು ಕೆಂಪು ಗೆರೆ ಎಳೆದಿಟ್ಟುಕೊಂಡಿದ್ದ. ಕೋಟಿನ ಮೇಲೆ ಟೇಪು ಹಾಸು, ಕೆಂಪು ಗೆರೆ ಕಂಡಲ್ಲಿ ಸೀಮೆಸುಣ್ಣದ ಗುರುತು ಹಾಕು, ಹೊಲಿ. ಇಷ್ಟನ್ನು ಅವನ ಕೈ ಅವನ ತಲೆಯನ್ನು ಕೇಳದೆಯೇ ಮಾಡುತ್ತಿತ್ತು.

ಮೂರು ತಿಂಗಳ ಹಿಂದೆ ಒಂದು ಬೆಳಗ್ಗೆ ಕೆಲಸಕ್ಕೆ ಹೋದರೆ ಅಂಗಡಿಗೆ ಬೀಗ. ಬೋರ್ಡೂ ಇಲ್ಲ, ಧಣಿಯೂ ಇಲ್ಲ. ಬಾಗಿಲಲ್ಲಿ ಇವನ ಊಟದ ಡಬ್ಬಿಯ ಮುಚ್ಚಳವೊಂದನ್ನು ಮಾತ್ರ ಇಟ್ಟು ಹೋಗಿದ್ದರು. ಆವತ್ತು ಮುಚ್ಚಳ ಹಿಡಿದುಕೊಂಡು ಮನೆಗೆ ಬಂದ ಕಾಜಣ್ಣ, ಇನ್ನು ಮುಂದೆ ಧಣಿಯನ್ನು ನೋಡಿ, ಅಳೆದು, ತೂಗಿಯೇ ಸೇರುವುದು ಎಂದು ಶಪಥ ಮಾಡಿದ್ದ. ಅಳೆದದ್ದೂ ಆಯಿತು, ತೂಗಿದ್ದೂ ಆಯಿತು, ಸೇರಿದ್ದು ಮಾತ್ರ ಎಲ್ಲೂ ಇಲ್ಲ.

ಪಟ್ಟಿ ಬರೆದುಕೊಟ್ಟವರು ಪಕ್ಕದ ಮನೆಯ ಹೆಡ್ ಕ್ಲಾರ್ಕು. ನಿವೃತ್ತರಾಗಿ ನಾಲ್ಕು ವರ್ಷವಾದರೂ ಅವರ ಜೇಬಿನಲ್ಲಿ ನೀಲಿ ಪೆನ್ನೊಂದು, ಕೆಂಪು ಪೆನ್ನೊಂದು ಇದ್ದೇ ಇರುತ್ತಿದ್ದವು. ಬೀದಿಯ ಯಾರ ಮನೆಯ ವಿಷಯಕ್ಕೆ ಮೂಗು ತೂರಿಸಬೇಕಾದರೂ ಮೊದಲು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಚೀಟಿಯ ಕತೆ ಕೇಳಿ ಅವರಿಗೆ ತಮಗೇ ಅವಮಾನವಾದಂತಾಯಿತು.

"ಕಾಗದ ಬೇಡಪ್ಪ ನಿನಗೆ. ಆ ಟೇಪು ಕೊಡಿಲ್ಲಿ" ಅಂದರು.

ಟೇಪಿನ ಹಿಂಬದಿಯಲ್ಲಿ ನೀಲಿ ಪೆನ್ನಿನಿಂದ ಬರೆಯತೊಡಗಿದರು. ಕಚೇರಿಯ ಅಭ್ಯಾಸ, ಒಂದೊಂದು ಕಲಮು, ಅಂದರೆ ಒಂದೊಂದು ನಿಯಮ, ಮುಗಿದ ಹಾಗೆಲ್ಲ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದರು. ಮೊದಲನೆಯದು "ಕಾಯಿಸಿದರೆ ಎದ್ದು ಬಾ". ಎರಡನೆಯದು "ಗೋಡೆ ಗಡಿಯಾರ ನೋಡು", ಯಾಕೆಂದರೆ ಹಳೆಯ ಧಣಿ ಗಡಿಯಾರವನ್ನು ದಿನಾ ಇಪ್ಪತ್ತು ನಿಮಿಷ ಹಿಂದೆ ಇಡುತ್ತಿದ್ದ. ಅಷ್ಟರಲ್ಲಿ ಕಾಜಣ್ಣನ ಹೆಂಡತಿ ಬಂದು, "ಸಂಬಳದ ಮಾತು ಎತ್ತಿದಾಗ ನಗೋವ್ರನ್ನೂ ಸೇರಿಸಿ" ಅಂದಳು. ಮಹಡಿ ಮನೆಯ ನರ್ಸಮ್ಮ ಮೇಲಿನಿಂದಲೇ ಬಗ್ಗಿ, "ಕೆಲಸದವರು ನಿಂತ್ಕೊಂಡು ಊಟ ಮಾಡ್ತಿದ್ರೆ ಅಲ್ಲಿಗೆ ಕಾಲಿಡ್ಲೇಬೇಡ. ಕೂರೋಕೆ ಬಿಡದ ಜಾಗದಲ್ಲಿ ಎಂಟು ವರ್ಷ ಇದ್ದು ನನ್ನ ಮಂಡಿ ಹೋಯ್ತು" ಅಂತ ಕೂಗಿದರು. ಮೊದಲಿದ್ದವನು ಯಾಕೆ ಬಿಟ್ಟ ಎಂದು ಕೇಳಬೇಕು, ಧಣಿಯ ಉತ್ತರ ಒಂದು, ಕೆಲಸದವರ ಉತ್ತರ ಇನ್ನೊಂದಾದರೆ ಅಪಾಯ ಎಂಬುದು ಐದನೆಯದು. ಆರನೆಯದನ್ನು ಬರೆಯುವಾಗ ಹೆಡ್ ಕ್ಲಾರ್ಕಿನ ಮುಖ ಗಂಭೀರವಾಯಿತು.

"ಇದೊಂದನ್ನ ಮರೀಬೇಡ. 'ನಾವೆಲ್ಲ ಒಂದೇ ಮನೆಯವರು' ಅಂತ ಯಾವನಾದ್ರೂ ಅಂದನೋ, ಚಪ್ಪಲಿ ಹುಡುಕ್ತಾ ನಿಲ್ಲಬೇಡ. ಹಾಗೇ ಓಡು. ಮನೆಯವರಿಗೆ ಯಾರಾದ್ರೂ ರಜ ಕೊಡ್ತಾರೇನಯ್ಯ?"

ಹೀಗೆ ಮೊದಲ ಕಲಮುಗಳು ಬೆರಳುದ್ದ, ಜನ ಸೇರಿದ ಹಾಗೆ ಕೊನೆಯವು ಗೇಣುದ್ದ ಆದವು. ಕೆಂಪು ಗೆರೆಗಳೂ ಅದೇ ಲೆಕ್ಕದಲ್ಲಿ ಮೊದಲು ಹತ್ತಿರ ಹತ್ತಿರ, ಆಮೇಲೆ ದೂರ ದೂರ ಬಿದ್ದವು. ಅದನ್ನು ಯಾರೂ ಗಮನಿಸಲಿಲ್ಲ.

ಇವತ್ತು ಬೆಳಗ್ಗೆ ಟೇಪನ್ನು ಕೊರಳಿಗೆ ಹಾಕಿಕೊಂಡು ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ರೀ, ಇವತ್ತೇ ಕೊನೆ. ಇದು ಆಗಲಿಲ್ಲ ಅಂದ್ರೆ ಸಂಜೆ ನೆಟ್ಟಗೆ ನಮ್ಮಣ್ಣನ ಅಂಗಡಿಗೆ ಹೋಗಿ, ಕೆಲಸಕ್ಕೆ ಬರ್ತೀನಿ ಅಂತ ಒಪ್ಕೊಳಿ. ನಾನೂ ಅಲ್ಲಿಗೇ ಬಂದಿರ್ತೀನಿ."

"ಅದೊಂದು ಮಾತ್ರ ಹೇಳಬೇಡ ಕಣೇ."

"ಯಾಕೆ? ನಮ್ಮಣ್ಣ ಹುಲೀನಾ?"

ಹುಲಿಯಲ್ಲ. ಹಾಸಿಗೆ ಅಂಗಡಿ. ಭಾವನ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಹತ್ತಿ, ಮತ್ತು ಹತ್ತಿ ಕಂಡರೆ ಕಾಜಣ್ಣನಿಗೆ ಸೀನು. ಅದನ್ನಾದರೂ ತಡೆದುಕೊಳ್ಳಬಹುದು. ಬಂದ ಗಿರಾಕಿಗಳಿಗೆಲ್ಲ ಭಾವ, "ಇವ್ನು ನಮ್ಮ ತಂಗಿ ಗಂಡ. ಪಾಪ, ಎಲ್ಲೂ ನೆಲೆ ಸಿಗಲಿಲ್ಲ" ಎಂದು ಪರಿಚಯ ಮಾಡಿಕೊಡುವುದನ್ನು ತಡೆದುಕೊಳ್ಳುವುದು ಹೇಗೆ? ಇವತ್ತು ಕೆಲಸ ಸಿಗಲೇಬೇಕು ಎಂದುಕೊಂಡು ಬಿರಬಿರನೆ ನಡೆದ.

ಪೇಟೆಬೀದಿಯ ಆ ಹೊಲಿಗೆ ಅಂಗಡಿಗೆ ಕಾಲಿಟ್ಟಾಗ ಸರಿಯಾಗಿ ಒಂಬತ್ತು. ಒಂಬತ್ತು ಗಂಟೆ ಒಂದು ನಿಮಿಷಕ್ಕೆ ಅಂಗಡಿಯ ಸಾಹುಕಾರ ಎದುರಿಗೆ ಬಂದು ಕೈ ಮುಗಿದ. ಗುಂಡಗಿನ ಮುಖ, ಜೇನು ಸವರಿದಂಥ ಮಾತು.

"ಬನ್ನಿ ಬನ್ನಿ. ಕಾಯಿಸೋದು ನನಗೆ ಆಗಿಬರಲ್ಲ. ನೀರು ಕುಡೀತೀರಾ?"

ಕಾಜಣ್ಣ ಬೆವರು ಒರೆಸುವ ನೆಪದಲ್ಲಿ ಟೇಪನ್ನು ಮಗುಚಿ ಮೊದಲ ಕಲಮನ್ನು ನೋಡಿದ. ಇಲ್ಲಿ ಅದು ಸಲ್ಲಲಿಲ್ಲ. ಗೋಡೆ ಗಡಿಯಾರ ನೋಡಿದ. ಬೀದಿಯ ಗೋಪುರದ ಗಡಿಯಾರಕ್ಕೂ ಇದಕ್ಕೂ ಅರ್ಧ ನಿಮಿಷದ ವ್ಯತ್ಯಾಸವಿರಲಿಲ್ಲ. ಎರಡನೆಯದೂ ಸಲ್ಲಲಿಲ್ಲ. ಇವನು ಬಾಯಿ ತೆಗೆಯುವ ಮೊದಲೇ ಸಾಹುಕಾರ ಸಂಬಳವನ್ನು ಸ್ಪಷ್ಟವಾಗಿ, ನಗದೆ, ಇವನು ಕನಸಿನಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ಹೇಳಿದ. ಮೂರನೆಯದೂ ಸಲ್ಲಲಿಲ್ಲ.

ಸಂದರ್ಶನಕ್ಕೆ ಇನ್ನೂ ಮೂವರು ಬಂದಿದ್ದರು. ಒಬ್ಬರು ಬೆಳ್ಳಗಿನ ಮೀಸೆಯ ಕಾಲರ್ ತಾತ. ಕೊರಳಪಟ್ಟಿ ಹೊಲಿಯುವುದರಲ್ಲಿ ಎತ್ತಿದ ಕೈ. ಇನ್ನೊಬ್ಬಳು ತೋಳಿನಕ್ಕ. ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ಬರೀ ಎಡತೋಳು ಹೊಲಿದವಳು, ಬಲತೋಳು ಕೈಗೆ ಬಂದರೆ ಒಂದು ನಿಮಿಷ ಕಣ್ಣುಕಣ್ಣು ಬಿಡುತ್ತಿದ್ದಳು. ಮೂರನೆಯವನು ಇಸ್ತ್ರಿ ಮಾಮ. ಇಸ್ತ್ರಿ ಕಾಯುವ ತನಕ ಗುಂಡಿಗಳನ್ನೂ ಹಚ್ಚಬಲ್ಲೆ ಎಂದು ತಾನೇ ಮುಂದಾಗಿ ಹೇಳಿಕೊಂಡಿದ್ದ.

"ನೋಡಿ, ನಾಲ್ಕು ಜನಕ್ಕೂ ಇಲ್ಲಿ ಜಾಗ ಇದೆ" ಅಂದ ಸಾಹುಕಾರ. "ಆದ್ರೆ ಬಾಯಿಮಾತಿನ ಇಂಟರ್ವ್ಯೂ ನನಗೆ ಹಿಡಿಸಲ್ಲ. ಕೈ ಮಾತಾಡ್ಬೇಕು. ಇಲ್ಲಿ ಬ್ಯಾಂಡ್ ಬಾರಿಸೋರ ಕೋಟು ಹದಿನಾಲ್ಕು ಇದೆ. ಮೈಭಾಗ ಆಗಿದೆ. ಕಾಲರ್ರು, ತೋಳು, ಕಾಜಾ, ಗುಂಡಿ, ಇಸ್ತ್ರಿ ಬಾಕಿ. ಒಬ್ಬೊಬ್ಬರು ತಮ್ಮ ತಮ್ಮ ಕೈಚಳಕ ತೋರಿಸಿ. ಅವಸರ ಏನಿಲ್ಲ. ನಾಲ್ಕು ಗಂಟೆಗೆ ಮುಗಿದ್ರೆ ಸಾಕು."

"ಒಂದು ಕೋಟಲ್ಲಿ ತೋರಿಸಿದ್ರೆ ಸಾಲದಾ ಸ್ವಾಮಿ?" ತೋಳಿನಕ್ಕ ಕೇಳಿದಳು.

"ಒಂದರಲ್ಲಿ ಯಾರು ಬೇಕಾದ್ರೂ ಚೆನ್ನಾಗಿ ಮಾಡ್ತಾರಮ್ಮ. ಹದಿನಾಲ್ಕನೇದ್ರಲ್ಲಿ ಗೊತ್ತಾಗೋದು ನಿಜವಾದ ಕೆಲಸಗಾರ ಯಾರು ಅಂತ."

ಎಂಥ ಮಾತು! ಕಾಜಣ್ಣ ತಲೆದೂಗಿದ. ಈ ಮಾತು ಟೇಪಿನಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿದ. ಇರಲಿಲ್ಲ. ಹದಿನಾಲ್ಕು ಕೋಟು, ಕೋಟಿಗೆ ಆರರ ಹಾಗೆ ಎಂಬತ್ತನಾಲ್ಕು ಕಾಜಾ. ಕಿಟಕಿಯ ಬಳಿ ಕೂತು, ಸೂಜಿಗೆ ದಾರ ಪೋಣಿಸಿಕೊಂಡು, ಮೊದಲ ಕೋಟನ್ನು ತೊಡೆಯ ಮೇಲೆ ಹರಡಿದ.

ಕೂತ ಮೇಲೂ ಅವನ ಪರೀಕ್ಷೆ ನಿಲ್ಲಲಿಲ್ಲ. ಸಾಹುಕಾರ ಮಾತಾಡಿದಾಗಲೆಲ್ಲ ಟೇಪಿನ ಹಿಂಬದಿ ನೋಡುವುದು, ಕೋಟಿನ ಮೇಲೆ ಹಾಸುವುದು, ಕೆಂಪು ಗೆರೆ ಕಂಡಲ್ಲಿ ಗುರುತು ಹಾಕುವುದು, ಮತ್ತೆ ಕಿವಿ ನೆಟ್ಟಗೆ ಮಾಡುವುದು. ನಾಲ್ಕನೆಯ ಕೋಟಿನ ಹೊತ್ತಿಗೆ ಐದನೆಯ ಕಲಮು ನೆನಪಾಗಿ ಧೈರ್ಯ ಮಾಡಿ ಕೇಳಿಯೇಬಿಟ್ಟ.

"ಸ್ವಾಮಿ, ಮೊದಲಿದ್ದವರು ಯಾಕೆ ಬಿಟ್ಟು ಹೋದ್ರು?"

ಸಾಹುಕಾರ ಎದೆಯ ಮೇಲೆ ಕೈ ಇಟ್ಟುಕೊಂಡ. "ನನ್ನ ಅಂಗಡಿ ಬಿಟ್ಟು ಹೋದ ಕೆಲಸದವನು ಇವತ್ತಿನವರೆಗೂ ಒಬ್ಬನೂ ಇಲ್ಲಪ್ಪ."

ಕಾಲರ್ ತಾತ ಕೆಮ್ಮಿದರು. ಏನೋ ಹೇಳಲು ಬಾಯಿ ತೆಗೆದವರು, ಬಾಯಲ್ಲಿ ಗುಂಡುಸೂಜಿ ಇದ್ದದ್ದು ನೆನಪಾಗಿ ಸುಮ್ಮನಾದರು.

ಮಧ್ಯಾಹ್ನ ಊಟಕ್ಕೆ ಸಾಹುಕಾರ ನಾಲ್ಕು ಕುರ್ಚಿ ತಾನೇ ಎತ್ತಿ ತಂದು ಹಾಕಿದ. ಫ್ಯಾನು ತಿರುಗಿಸಿದ. "ನಿಂತ್ಕೊಂಡು ಉಣ್ಣಬಾರದು, ಮೈಗೆ ಹತ್ತಲ್ಲ" ಅಂದ. ಕಾಜಣ್ಣನಿಗೆ ಕಣ್ಣು ತುಂಬಿ ಬಂತು. ನರ್ಸಮ್ಮ ಈಗ ಇಲ್ಲಿರಬೇಕಿತ್ತು ಅನ್ನಿಸಿತು.

"ಇಂಥ ಧಣಿ ಸಿಗೋದು ನಮ್ಮ ಅದೃಷ್ಟ" ಎಂದು ಡಬ್ಬಿ ಬಿಚ್ಚುತ್ತಾ ಪಕ್ಕದ ತಾತನಿಗೆ ಹೇಳಿದ.

"ಒಳ್ಳೆಯವರೇ. ಪ್ರತಿ ಸಲವೂ ಹೀಗೇ ಕುರ್ಚಿ ಹಾಕ್ತಾರೆ."

"ಪ್ರತಿ ಸಲ ಅಂದ್ರೆ?"

"ನಂದಿದು ನಾಲ್ಕನೇ ಇಂಟರ್ವ್ಯೂ ಇಲ್ಲಿ. ಮೊದಲ ಸಲ ಕಾಲರ್ರು ಎಡಕ್ಕೆ ವಾಲಿದೆ ಅಂದ್ರು. ಎರಡನೇ ಸಲ ಬಲಕ್ಕೆ ವಾಲಿಸಿದೆ, ಅದೂ ಹಿಡಿಸಲಿಲ್ಲ. ಮೂರನೇ ಸಲ ಪ್ಯಾಂಟಿನ ಸೊಂಟಪಟ್ಟಿ ಕೊಟ್ರು. ಪತ್ರ ಹಾಕ್ತೀವಿ ಅಂದಿದ್ರು." ತಾತ ತಣ್ಣಗೆ ತುತ್ತು ಬಾಯಿಗಿಟ್ಟರು. "ಅಂಚೆಯವರದ್ದೇ ತಪ್ಪಿರಬೇಕು."

ಕಾಜಣ್ಣ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದ. ಸುತ್ತ ನೋಡಿದ. ಆರು ಹೊಲಿಗೆ ಮಿಷನ್ನು, ಒಂದರ ಮುಂದೂ ಖಾಯಂ ಕೆಲಸದವನಿಲ್ಲ. ಬೆಳಗಿನಿಂದ ಒಂಬತ್ತು ಕೋಟು ತಯಾರಾಗಿ ಸಾಲಾಗಿ ನೇತಾಡುತ್ತಿದ್ದವು. ಬಿಟ್ಟು ಹೋದವನು ಒಬ್ಬನೂ ಇಲ್ಲವಂತೆ. ಸೇರಿಸಿಕೊಂಡರೆ ತಾನೇ ಬಿಟ್ಟು ಹೋಗುವುದು! ಅನುಮಾನ ತಲೆಗೆ ಹೊಕ್ಕಿತು, ಆದರೆ ಹೊಕ್ಕ ಅನುಮಾನವನ್ನು ಅವನೇ ಬಾಗಿಲಿಗೆ ದಬ್ಬಿದ. ಟೇಪಿನ ಆರು ಕಲಮಿನಲ್ಲಿ ಇಂಥದ್ದೊಂದೂ ಇರಲಿಲ್ಲ. ಹೆಡ್ ಕ್ಲಾರ್ಕು ತಪ್ಪುವುದುಂಟೇ? ಜೊತೆಗೆ ಸಂಜೆ ಹಾಸಿಗೆ ಅಂಗಡಿ ಬಾಯಿ ತೆರೆದು ಕಾದಿತ್ತು. ಡಬ್ಬಿ ಮುಚ್ಚಿ ಹತ್ತನೆಯ ಕೋಟು ಎತ್ತಿಕೊಂಡ.

ಮೂರೂಮುಕ್ಕಾಲಿಗೆ ಹದಿನಾಲ್ಕೂ ಮುಗಿದವು. ಸಾಹುಕಾರ ಕೈ ಹಿಂದಕ್ಕೆ ಕಟ್ಟಿಕೊಂಡು ಪರಿಶೀಲನೆಗೆ ಬಂದ. ಕಾಲರ್ ನೋಡಿ ತಲೆ ಆಡಿಸಿದ. ತೋಳು ನೋಡಿ ತಲೆ ಆಡಿಸಿದ. ಗುಂಡಿಗಳ ಸಾಲಿನ ಮೇಲೆ ಕಣ್ಣು ಬಿದ್ದದ್ದೇ ತಲೆ ನಿಂತಿತು.

"ಏನ್ರೀ ಇದು!"

ಮೊದಲ ಮೂರು ಗುಂಡಿಗಳು ಕೊರಳ ಬಳಿ ಗುಟ್ಟು ಮಾತಾಡುವವರ ಹಾಗೆ ಒತ್ತಿಕೊಂಡು ನಿಂತಿದ್ದವು. ನಾಲ್ಕನೆಯದು ಅಲ್ಲಿಂದ ಅಷ್ಟು ದೂರ. ಐದನೆಯದು ಇನ್ನಷ್ಟು ದೂರ, ಆರನೆಯದು ಕೋಟಿನ ಅಂಚಿನಲ್ಲಿ. ಹದಿನಾಲ್ಕು ಕೋಟಿನಲ್ಲೂ ಒಂದು ನೂಲು ಹೆಚ್ಚುಕಮ್ಮಿಯಿಲ್ಲದೆ ಇದೇ ಕತೆ. ಕಾಜಾ ಇದ್ದಲ್ಲಿಗೆ ಸರಿಯಾಗಿ ಇಸ್ತ್ರಿ ಮಾಮ ಗುಂಡಿಗಳನ್ನೂ ಹಚ್ಚಿ ಮುಗಿಸಿದ್ದ.

ಕಾಜಣ್ಣ ಟೇಪನ್ನು ಕಣ್ಣ ಮುಂದೆ ಹಿಡಿದ. ಬೆಳಗಿನಿಂದ ಧಣಿಯನ್ನು ಅಳೆಯುತ್ತಾ ಅಳೆಯುತ್ತಾ ಟೇಪನ್ನು ಮುಂಬದಿಗೆ ತಿರುಗಿಸುವುದೇ ಮರೆತಿತ್ತು. ಕೈ ತನ್ನ ಪಾಡಿಗೆ ತಾನು ಹೆಡ್ ಕ್ಲಾರ್ಕಿನ ಕೆಂಪು ಗೆರೆಗಳಿಗೆ ಕಾಜಾ ಹಾಕಿಕೊಂಡು ಹೋಗಿತ್ತು.

"ಎಂಟು ವರ್ಷದ ಅನುಭವವಂತೆ! ಮುಖ ನೋಡು!" ಸಾಹುಕಾರನ ಬಾಯಿಂದ ಜೇನೆಲ್ಲ ಇಳಿದುಹೋಗಿತ್ತು. "ಇನ್ನು ಹದಿನೈದು ನಿಮಿಷಕ್ಕೆ ಬ್ಯಾಂಡಿನವರು ಬರ್ತಾರೆ. ಬೆಳಗ್ಗಿಂದ ನನ್ನ ಕುರ್ಚಿ ಮೇಲೆ ಕೂತು, ನನ್ನ ಫ್ಯಾನಿನ ಗಾಳಿ ಕುಡಿದು..."

"ನನ್ನ ಕಾಲರ್ರು ಹೇಗಿದೆ ಸ್ವಾಮಿ ಈ ಸಲ?" ತಾತ ನಡುವೆ ಬಾಯಿ ಹಾಕಿದರು.

"ನಿಮ್ಮ ಕಾಲರ್ರು ಹಾಳಾಗಿ ಹೋಗ್ಲಿ!"

ತಾತನ ಬೆಳ್ಳಗಿನ ಮೀಸೆ ನಡುಗಿತು. ನಾಲ್ಕು ಸಂದರ್ಶನದ ಕಹಿ ಒಂದೇ ಸಲಕ್ಕೆ ಗಂಟಲಿಗೆ ಬಂದಿರಬೇಕು. ಆದರೆ ಅವರು ಬಾಯಿ ತೆಗೆಯುವ ಮೊದಲೇ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಬ್ಯಾಂಡ್ ಮೇಷ್ಟ್ರು ಬಂದು ನಿಂತಿದ್ದರು. ಬಾಗಿಲಿನಷ್ಟೇ ಅಗಲದ ಮನುಷ್ಯ. ಹೆಗಲಲ್ಲಿ ಹಿತ್ತಾಳೆಯ ದೊಡ್ಡ ಕಹಳೆ.

"ಆಯ್ತೇನ್ರೀ ಕೋಟು? ಆರು ಗಂಟೆಗೆ ಪಾರ್ಕಿನಲ್ಲಿ ನುಡಿಸ್ಬೇಕು" ಅನ್ನುತ್ತಾ ಒಂದು ಕೋಟು ಎತ್ತಿದವರು ಗುಂಡಿಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಇದೇನು, ಗುಂಡಿಗಳು ಜಗಳ ಆಡ್ಕೊಂಡಿವೆಯಾ?"

ಸಾಹುಕಾರ ತಟ್ಟನೆ ಕೈ ತೊಳೆದುಕೊಂಡ. "ಇವರ್ಯಾರೂ ನನ್ನ ಕೆಲಸದವರಲ್ಲ ಮೇಷ್ಟ್ರೇ! ಆಣೆ ಮಾಡ್ತೀನಿ. ಇಂಟರ್ವ್ಯೂಗೆ ಅಂತ ಬಂದವರು. ತಪ್ಪೆಲ್ಲ ಈ ಮನುಷ್ಯಂದೇ, ಕೇಳೋದಿದ್ರೆ ಅವನನ್ನೇ ಕೇಳಿ."

"ಹೋದ ತಿಂಗಳು ಪ್ಯಾಂಟು ಹೊಲಿದುಕೊಟ್ರಲ್ಲ, ಅವರು?"

"ಅವರೂ ಇಂಟರ್ವ್ಯೂ..." ಎಂದು ಸಾಹುಕಾರ ನಾಲಿಗೆ ಕಚ್ಚಿಕೊಂಡ.

"ಆ ಸೊಂಟಪಟ್ಟಿ ನಂದೇ" ಅಂದರು ಕಾಲರ್ ತಾತ.

ಬ್ಯಾಂಡ್ ಮೇಷ್ಟ್ರು ಕೋಟು ತೊಟ್ಟರು. ಆರೂ ಗುಂಡಿ ಹಾಕಿದರು. ಕಹಳೆಯನ್ನು ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಹೊಟ್ಟೆ ತುಂಬ ಉಸಿರೆಳೆದುಕೊಂಡರು. ಕಾಜಣ್ಣ ಕಣ್ಣು ಮುಚ್ಚಿಕೊಂಡ. ಭೋಂ ಎಂದು ಅಂಗಡಿಯ ಗಾಜುಗಳೆಲ್ಲ ಅದುರಿದವು, ಇಸ್ತ್ರಿ ಮಾಮನ ಕೈಯಿಂದ ನೀರಿನ ತಂಬಿಗೆ ಬಿತ್ತು. ಕಣ್ಣು ಬಿಟ್ಟು ನೋಡಿದರೆ ಗುಂಡಿಗಳು ಆರೂ ಇದ್ದಲ್ಲೇ ಇದ್ದವು. ಹೊಟ್ಟೆಯ ಬಳಿ ಮಾತ್ರ ಕೋಟು ಬೆಕ್ಕು ಆಕಳಿಸಿದ ಹಾಗೆ ಮೆಲ್ಲಗೆ ಬಾಯಿ ತೆರೆದು, ಒಳಗಿನ ಕೆಂಪು ಅಂಗಿ ಇಣುಕಿಸಿ, ಮತ್ತೆ ಮುಚ್ಚಿಕೊಂಡಿತು.

ಮೇಷ್ಟ್ರು ಕಹಳೆ ಕೆಳಗಿಟ್ಟು ಹೊಟ್ಟೆ ಸವರಿಕೊಂಡರು. ಇನ್ನೊಮ್ಮೆ ಊದಿದರು. ಮುಖ ಅರಳಿತು.

"ಇಪ್ಪತ್ತು ವರ್ಷ ಆಯ್ತು ನಾನು ಊದೋಕೆ ಶುರು ಮಾಡಿ. ಮೇಲಿನ ಸ್ವರಕ್ಕೆ ಹೋದ್ರೆ ಸಾಕು, ಹೊಟ್ಟೆ ಮೇಲಿನ ಗುಂಡಿ ಪಟ್ ಅಂತ ಹಾರೋದು. ಒಂದು ಸಲ ಮುಂದಿನ ಸಾಲಲ್ಲಿ ಕೂತವರ ಕನ್ನಡಕಕ್ಕೇ ಹೊಡೀತು. ಊದೋರಿಗೆ ಉಸಿರಾಡೋ ಜಾಗ ಬೇಕು ಅಂತ ಇವತ್ತಿನವರೆಗೂ ಒಬ್ಬ ದರ್ಜಿಗೂ ಹೊಳೀಲಿಲ್ಲ. ಯಾರ್ರೀ ಈ ಕಾಜಾ ಹಾಕಿದ್ದು?"

ಸಾಹುಕಾರ ಜೇನಿನ ಬಾಟಲಿ ಮತ್ತೆ ತೆರೆದ. "ನಮ್ಮ ಅಂಗಡಿಯ ವಿಶೇಷ ಮೇಷ್ಟ್ರೇ! ಇವರೆಲ್ಲ ನಮ್ಮ ಹಳೇ ಕೆಲಸದವರು."

"ಈಗ ತಾನೇ ನಮ್ಮವರಲ್ಲ ಅಂತ ಆಣೆ ಮಾಡಿದ್ರಿ" ಅಂದರು ಮೇಷ್ಟ್ರು. "ನೀವು ಹೇಳಿದ್ದನ್ನೇ ನಂಬ್ತೀನಿ. ಇವತ್ತಿನ ಕೂಲಿ ನಾಲ್ಕು ಜನಕ್ಕೂ ನನ್ನ ಕಣ್ಣೆದುರಿಗೇ ಕೊಡಿ. ಆಮೇಲೆ ನೋಡಪ್ಪ ತಮ್ಮಾ, ಇನ್ನೆರಡು ಬ್ಯಾಂಡಿನವರು ನನ್ನ ಗೆಳೆಯರು. ಅವರಿಗೂ ಸೇರಿ ಮೂವತ್ತು ಕೋಟು. ನೀನೇ ಹೊಲ್ಕೊಡಬೇಕು. ನಿನ್ನ ಅಂಗಡಿ ಎಲ್ಲಿ?"

ಸಾಹುಕಾರ ಇಂಗು ತಿಂದ ಮಂಗನಂತೆ ಗಲ್ಲಾಪೆಟ್ಟಿಗೆಯ ಕಡೆ ಹೊರಟ. ಕಾಜಣ್ಣನ ಕಿವಿಯಲ್ಲಿ ಇನ್ನೂ ಕಹಳೆ ಮೊಳಗುತ್ತಿತ್ತು. ಹಿಂದಕ್ಕೆ ತಿರುಗಿ ನೋಡಿದ. ಮೂರು ಜನ ಇವನ ಮುಖವನ್ನೇ ನೋಡುತ್ತಿದ್ದರು.

"ಮಿಷನ್ನು ನಮ್ಮನೇಲಿ ಎರಡಿದೆ" ಎಂದು ತೋಳಿನಕ್ಕ ಪಿಸುಗುಟ್ಟಿದಳು. "ಇಡೋಕೆ ಒಂದು ಕೋಣೆ ಇದ್ರೆ ಸಾಕು. ಈ ಸಲ ಬಲತೋಳೂ ಕಲ್ತ್ಕೊಂಡಿದೀನಿ."

"ಇಸ್ತ್ರಿ ನಂದೇ ಇದೆ" ಅಂದ ಮಾಮ.

ತಾತ ಗುಂಡುಸೂಜಿಯ ಡಬ್ಬಿ ಮುಚ್ಚಿದರು. ನಾಲ್ಕನೆಯ ಸಲವೂ ಪತ್ರಕ್ಕಾಗಿ ಕಾಯುವ ಶಕ್ತಿ ಆ ಮುಖದಲ್ಲಿ ಉಳಿದಿರಲಿಲ್ಲ.

ಒಂದು ಕೋಣೆ. ಬಾಡಿಗೆ ಕೊಡುವ ತಾಕತ್ತು ನಾಲ್ವರಲ್ಲಿ ಒಬ್ಬರಿಗೂ ಇಲ್ಲ. ಇಡೀ ಊರಿನಲ್ಲಿ ಕಾಜಣ್ಣನಿಗೆ ಗೊತ್ತಿದ್ದ ಖಾಲಿ ಕೋಣೆ ಒಂದೇ ಒಂದು.

"ಇದೆ ಮೇಷ್ಟ್ರೇ. ಒಂದು ಜಾಗ ಇದೆ" ಅಂದ. ಆಗಲೇ ಮೂಗು ಕೆರೆಯತೊಡಗಿತ್ತು.

ಐದೂವರೆಗೆ ನಾಲ್ವರೂ ಹಾಸಿಗೆ ಅಂಗಡಿಯ ಮುಂದೆ ನಿಂತಿದ್ದರು. ಕಾಜಣ್ಣನ ಹೆಂಡತಿ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಇವನನ್ನು ಕಂಡು ಎದುರಿಗೆ ಬಂದಳು.

"ಏನಾಯ್ತು ರೀ? ಸಿಕ್ತಾ?"

"ಕೆಲಸ ಸಿಕ್ತು ಕಣೇ. ಮಾಡೋಕೆ ಜಾಗ ಸಿಗಲಿಲ್ಲ."

ಅವನು ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಕೇಳುತ್ತ ಕೇಳುತ್ತ ಅವಳ ಕಣ್ಣು ಹೊಳೆದವು. ಮೂರು ತಿಂಗಳಿನಿಂದ ಗಂಡನ ಮುಖದಲ್ಲಿ ಇಂಥ ಕಳೆಯನ್ನು ಅವಳು ನೋಡಿರಲಿಲ್ಲ. ಒಳಗೆ ಹೋಗಿ ಅಣ್ಣನನ್ನು ಕರೆದಳು. ಅಣ್ಣ ಬರಲಿಲ್ಲ. "ಕಾಯೋಕ್ ಹೇಳು" ಎಂಬ ಮಾತು ಮಾತ್ರ ಬಂತು. ಮುಕ್ಕಾಲು ಗಂಟೆ ಕಾದರು. ಕಾಜಣ್ಣ ಗೋಡೆ ಗಡಿಯಾರ ನೋಡಿದ. ಆರೂಕಾಲಾಗಿದ್ದಾಗ ಅದರಲ್ಲಿ ಆರಕ್ಕೆ ಇನ್ನೂ ಐದು ನಿಮಿಷವಿತ್ತು. ಸುಸ್ತಾದ ಕಾಲರ್ ತಾತ ಒಂದು ಹಾಸಿಗೆಯ ಮೂಲೆಗೆ ಕುಂಡೆ ಊರಲು ಹೋದರೆ ಒಳಗಿನಿಂದ, "ಯಾರದು? ಮಾರೋ ಹಾಸಿಗೆ ಮೇಲೆ ಕೂರಬೇಡಿ, ಆಕಾರ ಕೆಡುತ್ತೆ!" ಎಂಬ ಕೂಗು. ಮೂಲೆಯಲ್ಲಿ ಕೆಲಸದವರಿಬ್ಬರು ನಿಂತುಕೊಂಡೇ ಬನ್ನು ತಿನ್ನುತ್ತಿದ್ದರು. ಸುತ್ತ ಐವತ್ತು ಮೆತ್ತನೆ ಹಾಸಿಗೆ, ಕೂರಲು ಅಂಗೈಯಷ್ಟು ಜಾಗವಿಲ್ಲ.

ಕಾಜಣ್ಣ ಟೇಪನ್ನು ಬೆರಳಲ್ಲಿ ಸುತ್ತಿಕೊಂಡು ಒಂದೊಂದೇ ಕಲಮು ಮುಟ್ಟಿ ನೋಡುತ್ತಾ ಹೋದ. ಬೆಳಗ್ಗೆ ಒಂದೂ ಸಲ್ಲದ ಪಟ್ಟಿ ಈಗ ಸಾಲಾ ಸಾಲಾಗಿ ಸಲ್ಲುತ್ತಿತ್ತು.

ಕೊನೆಗೆ ಭಾವ ಮೈಮೇಲಿನ ಹತ್ತಿ ಕೊಡವುತ್ತ ಹೊರಗೆ ಬಂದರು. ಅಲ್ಲಿದ್ದ ಗಿರಾಕಿಯೊಬ್ಬರಿಗೆ, "ಇವ್ನು ನಮ್ಮ ತಂಗಿ ಗಂಡ. ಪಾಪ..." ಎಂದು ಶುರು ಮಾಡಿದವರನ್ನು ತಂಗಿ ಕಣ್ಣಲ್ಲೇ ತಡೆದಳು.

"ಹಿಂದಿನ ಕೋಣೆ ತಾನೇ? ಕೊಡೋಣಂತೆ" ಅಂದರು ಭಾವ. "ಅಲ್ಲಿ ಮೊದಲು ಹತ್ತಿ ಬಿಡಿಸೋನು ಒಬ್ಬ ಇದ್ದ. ಅಮ್ಮನಿಗೆ ಹುಷಾರಿಲ್ಲ ಅಂತ ಊರಿಗೆ ಹೋದ."

"ಸೀನಿ ಸೀನಿ ಓಡಿಹೋದ" ಎಂದು ಬನ್ನು ತಿನ್ನುತ್ತಿದ್ದವನೊಬ್ಬ ಕಾಜಣ್ಣನ ಕಿವಿಯಲ್ಲಿ ಉಸುರಿದ.

"ಬಾಡಿಗೆ ಎಲ್ಲ ಬೇಡ. ಬೆಳಗ್ಗಿಂದ ಮಧ್ಯಾಹ್ನದವರೆಗೆ ನನ್ನ ಹಾಸಿಗೆಗೆ ಹತ್ತಿ ತುಂಬು. ಮಧ್ಯಾಹ್ನದ ಮೇಲೆ ನಿನ್ನ ಬ್ಯಾಂಡು ಬಾರಿಸ್ಕೋ."

"ಬೆಳಗಿನ ಕೆಲಸಕ್ಕೆ ಸಂಬಳ ಏನು ಭಾವ?" ಕಾಜಣ್ಣ ಕೇಳಿದ.

ಭಾವ ನಕ್ಕರು. ತಲೆ ಹಿಂದಕ್ಕೆ ಹಾಕಿ, ಹೊಟ್ಟೆ ಕುಣಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಕಾಜಣ್ಣನ ಹೆಗಲ ಮೇಲೆ ಭಾರವಾದ ಕೈಯಿಟ್ಟು ಅಂದರು:

"ಸಂಬಳ, ರಜ, ಹೊತ್ತು ಗೊತ್ತು ಅಂತೆಲ್ಲ ನಮ್ಮ ನಮ್ಮಲ್ಲಿ ಯಾಕಪ್ಪಾ? ನಾವೆಲ್ಲ ಒಂದೇ ಮನೆಯವರು."

ಆರನೆಯ ಕಲಮು! ಕಾಜಣ್ಣನ ಬಲಗಾಲು ತಾನಾಗಿ ಬಾಗಿಲ ಕಡೆ ತಿರುಗಿತು. ಚಪ್ಪಲಿಯನ್ನೂ ಹುಡುಕದೆ ಓಡಬೇಕು. ಆದರೆ ಓಡುವುದೆಲ್ಲಿಗೆ? ಭಾನುವಾರ ಬಂದರೆ ಈ ಮನುಷ್ಯ ಇವನ ಮನೆಯಲ್ಲೇ, ಇವನ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದರು. ಹೆಡ್ ಕ್ಲಾರ್ಕು ಇದಕ್ಕೊಂದು ಉಪಾಯ ಬರೆದಿರಲಿಲ್ಲ.

ಹಿಂದಿನ ಕೋಣೆಯಿಂದ ಸದ್ದು ಕೇಳಿಸಿತು. ಇಣುಕಿದರೆ ಇಸ್ತ್ರಿ ಮಾಮ ಆಗಲೇ ಹತ್ತಿಯ ಮೂಟೆಗಳನ್ನು ಬದಿಗೆ ಸರಿಸುತ್ತಿದ್ದ. ತೋಳಿನಕ್ಕ ಕಿಟಕಿಯ ಕೆಳಗೆ ನಿಂತು, ಮಿಷನ್ನು ಇಲ್ಲಿ, ಬೆಳಕು ಎಡಗಡೆಯಿಂದ ಎಂದು ಕೈಯಿಂದ ಗೆರೆ ಎಳೆಯುತ್ತಿದ್ದಳು. ಕಾಲರ್ ತಾತ ನಡುಕೋಣೆಯಲ್ಲಿ ಸುಮ್ಮನೆ ನಿಂತಿದ್ದರು. ಇವನನ್ನು ಕಂಡು, "ನಾನು ಆಯ್ಕೆ ಆದ ಹಾಗೇನಾ ಮಗು?" ಎಂದು ಮೆಲ್ಲಗೆ ಕೇಳಿದರು.

"ಆದ್ರಿ ತಾತ. ಪತ್ರ ಗಿತ್ರ ಏನೂ ಇಲ್ಲ" ಅಂದ ಕಾಜಣ್ಣ. ಬಾಗಿಲಲ್ಲಿ ಹೆಂಡತಿ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನು ಟೇಪನ್ನು ಕೊರಳಿಂದ ತೆಗೆದು, ಬರಹವಿದ್ದ ಬದಿಯನ್ನು ಒಳಮುಖ ಮಾಡಿ ಸುತ್ತಿ ಜೇಬಿಗಿಟ್ಟ. ಆಮೇಲೆ ಆ ಗೆರೆಗಳು ಮೂವತ್ತು ಕೋಟಿಗೂ ಬೇಕೆಂಬುದು ನೆನಪಾಗಿ, ಮತ್ತೆ ತೆಗೆದು, ಬರಹವಿದ್ದ ಬದಿಯನ್ನು ಹೊರಮುಖ ಮಾಡಿ ಸುತ್ತಿ ಇಟ್ಟುಕೊಂಡ.

"ಬೆಳಗ್ಗೆ ಎಷ್ಟು ಗಂಟೆಗೆ ಬರ್ಲಿ ಭಾವ?" ಎಂದು ಕೇಳಿದ. "ನಿಮ್ಮ ಗಡಿಯಾರದಲ್ಲೋ, ಊರಿನ ಗಡಿಯಾರದಲ್ಲೋ?"

ಉತ್ತರ ಏನು ಬಂತೋ ಅವನಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಮೊದಲನೆಯ ಸೀನು ಬಂದಿತ್ತು.